ಮಧುಮೇಹವೂ ಊಟದ ಅಂಜಿಕೆಯೂ

ಇನ್ಸುಲಿನ್ ಎಂಬ ಔಷಧವು ದೊರೆಯುವುದಕ್ಕೆ ಮುಂಚೆ ಮಧುಮೇಹಕ್ಕೆ ತುತ್ತಾದ ಮಕ್ಕಳಿಗೆ ವೈದ್ಯರು ಕೊಡಬಹುದಾಗಿದ್ದ ಚಿಕಿತ್ಸೆ ಒಂದೇ ಒಂದು. ಅದು ಹಸಿವು. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಅಮೆರಿಕದ ವೈದ್ಯ ಫ್ರೆಡರಿಕ್ ಆಲೆನ್ ಎಂಬವರು ಈ ಉಪವಾಸದ ಕ್ರಮವನ್ನು ಒಂದು ಶಾಸ್ತ್ರವನ್ನಾಗಿಯೇ ಬೆಳೆಸಿದರು. ಸಕ್ಕರೆಯನ್ನು ಬಳಸಿಕೊಳ್ಳುವ ಶಕ್ತಿ ದೇಹದಲ್ಲಿ ಎಷ್ಟು ಉಳಿದಿದೆಯೋ ಅಷ್ಟಕ್ಕೇ ಆಹಾರವನ್ನು ಇಳಿಸಿದರೆ ರೋಗಿಯು ಕೆಲವು ಕಾಲವಾದರೂ ಬದುಕಿಯಾನು ಎಂಬುದು ಅವರ ತರ್ಕ. ತರ್ಕದಲ್ಲಿ ಹುರುಳಿತ್ತು, ಅನೇಕರ ಆಯುಸ್ಸು ಕೆಲವು ತಿಂಗಳು, ಕೆಲವೊಮ್ಮೆ ಒಂದೆರಡು ವರ್ಷ, ಹೆಚ್ಚಿದುದೂ ಉಂಟು. ಆದರೆ ಅದನ್ನು ನಡೆಸುವುದು ಎಂತಹ ಕಠೋರವಾದ ಕೆಲಸವಾಗಿತ್ತೆಂಬುದನ್ನು ಇಂದು ಊಹಿಸುವುದೂ ಕಷ್ಟ. ತರಕಾರಿಯನ್ನು ಮೂರು ಸಲ ಬೇಯಿಸಿ, ಮೂರು ಸಲವೂ ನೀರನ್ನು ಚೆಲ್ಲಿ, ಪಿಷ್ಟಾಂಶವನ್ನೆಲ್ಲ ಕಳೆದು ಉಳಿದುದನ್ನು ಮಕ್ಕಳಿಗೆ ಉಣಿಸುತ್ತಿದ್ದರು.

ಆಲೆನ್ ಅವರ ಬಳಿ ಇದ್ದ ಹನ್ನೆರಡು ವರ್ಷದ ಹುಡುಗನೊಬ್ಬನ ವೃತ್ತಾಂತವು ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಉಳಿದಿದೆ. ರೋಗದಿಂದ ಅವನ ಕಣ್ಣು ಹೋಗಿದ್ದಿತು. ಆಹಾರವನ್ನು ಎಷ್ಟು ಕಡಮೆ ಮಾಡಿದರೂ ಮೂತ್ರದಲ್ಲಿ ಸಕ್ಕರೆ ಕಾಣಿಸುತ್ತಲೇ ಇದ್ದಿತು. ಹುಡುಗನು ಎಲ್ಲಿಂದಲೋ ಕದ್ದು ತಿನ್ನುತ್ತಿರಬೇಕೆಂದು ಅವನನ್ನು ಕಾವಲಿನಲ್ಲಿರಿಸಿದರು. ಕೊನೆಗೆ ತಿಳಿದುಬಂದುದೇನೆಂದರೆ, ಅವನು ಹಲ್ಲುಜ್ಜುವ ಪೇಸ್ಟನ್ನೂ, ತಾನು ಕೇಳಿ ತರಿಸಿಕೊಂಡಿದ್ದ ಸಾಕುಹಕ್ಕಿಯ ಪಂಜರದಲ್ಲಿನ ಕಾಳನ್ನೂ ತಿನ್ನುತ್ತಿದ್ದನು.

ಈ ಹುಡುಗನನ್ನು ಕಳ್ಳನೆನ್ನಬಹುದೆ? ಹಸಿದ ದೇಹವು ತನಗೆ ಬೇಕಾದುದನ್ನು ಹುಡುಕಿಕೊಂಡಿತು, ಅಷ್ಟೆ. ಆದರೆ ಔಷಧದ ಹೆಸರಿನಲ್ಲಿ ಊಟವನ್ನು ಕಟ್ಟಿಹಾಕಿದಾಗ ಗುಟ್ಟು, ಕಳವು, ಅಪರಾಧಭಾವ ಇವು ಹೇಗೆ ತಾವಾಗಿಯೇ ಹುಟ್ಟಿಕೊಳ್ಳುತ್ತವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಾಗಿಲ್ಲ.

1922ನೆಯ ಇಸವಿ ಜನವರಿ 11ರಂದು ಕೆನಡಾ ದೇಶದ ಟೊರಾಂಟೊ ನಗರದ ಆಸ್ಪತ್ರೆಯಲ್ಲಿ ಲೆನರ್ಡ್ ಥಾಂಪ್ಸನ್ ಎಂಬ ಹದಿನಾಲ್ಕು ವರ್ಷದ ಬಾಲಕನಿಗೆ ಇನ್ಸುಲಿನ್ ಅನ್ನು ಮೊದಲ ಸಲ ಚುಚ್ಚಿದರು. ಆಗ ಅವನ ತೂಕ 30 ಕಿಲೋಗ್ರಾಂ ಸಹ ಇರಲಿಲ್ಲ. ಬ್ಯಾಂಟಿಂಗ್ ಮತ್ತು ಬೆಸ್ಟ್ ಅವರು ಸಿದ್ಧಪಡಿಸಿದ್ದ ಆ ಮೊದಲ ಮದ್ದು ಸಾಕಷ್ಟು ಶುದ್ಧವಾಗಿರಲಿಲ್ಲ. ಕಾಲಿಪ್ ಅವರು ಶುದ್ಧಗೊಳಿಸಿಕೊಟ್ಟ ಸಾರವನ್ನು ಜನವರಿ 23ರಿಂದ ಕೊಡತೊಡಗಿದ ಮೇಲೆ ಬಾಲಕನು ಚೇತರಿಸಿಕೊಂಡನು. ಅದೇ ವರ್ಷದ ಆಗಸ್ಟಿನಲ್ಲಿ ಅಮೆರಿಕದ ವಿದೇಶಾಂಗ ಸಚಿವರಾಗಿದ್ದ ಚಾರ್ಲ್ಸ್ ಇವಾನ್ಸ್ ಹ್ಯೂಸ್ ಅವರ ಮಗಳು ಎಲಿಜಬೆತ್ ಟೊರಾಂಟೊ ನಗರಕ್ಕೆ ಬಂದಳು. ಮೂರು ವರ್ಷ ಆಲೆನ್ ಅವರ ಪಥ್ಯದಲ್ಲಿದ್ದ, ಹದಿನೈದು ತುಂಬುತ್ತಿದ್ದ ಆ ಹುಡುಗಿಯ ತೂಕ ಸುಮಾರು 20 ಕಿಲೋಗ್ರಾಂ. ಇನ್ಸುಲಿನ್ ಅವಳನ್ನು ಉಳಿಸಿತು. ಅವಳು ಓದಿ, ಮದುವೆಯಾಗಿ, ಮಕ್ಕಳನ್ನು ಹೆತ್ತು, 1981ರವರೆಗೆ ಬದುಕಿದಳು.

ಇಲ್ಲಿಗೆ ಕಥೆ ಸುಖಾಂತವಾಯಿತೆಂದು ಪುಸ್ತಕಗಳು ಮುಗಿಸುತ್ತವೆ. ಆದರೆ ಅದೇ ಟೊರಾಂಟೊ ನಗರದಲ್ಲಿ, ಸುಮಾರು ಎಪ್ಪತ್ತು ವರ್ಷಗಳ ತರುವಾಯ, ವೈದ್ಯರ ಇನ್ನೊಂದು ತಂಡವು ಬೇರೊಂದು ಪ್ರಶ್ನೆಯನ್ನು ಕೇಳತೊಡಗಿತು. ಇನ್ಸುಲಿನ್ ಕೈಯಲ್ಲಿದ್ದೂ ಕೆಲವು ಹುಡುಗಿಯರು ಅದನ್ನು ಚುಚ್ಚಿಕೊಳ್ಳದೆ ಇರುವುದೇಕೆ? ಊಟಕ್ಕೆ ಅಡ್ಡಿಯೇ ಇಲ್ಲದಿರುವಾಗ ಇವರು ಊಟಕ್ಕೆ ಅಂಜುವುದೇಕೆ?

ಟೊರಾಂಟೊ ತಂಡವು ಕಂಡದ್ದು

ಆಹಾರಸೇವನೆಯ ವಿಕಾರಗಳೆಂದು ಮನೋವೈದ್ಯರು ಕರೆಯುವ ಕೆಲವು ಕಾಯಿಲೆಗಳಿವೆ. ದಪ್ಪಗಾಗುವೆನೆಂಬ ಭೀತಿಯಿಂದ ಅನ್ನವನ್ನೇ ತೊರೆದು ಕೃಶರಾಗುವುದು ಒಂದು ಬಗೆ. ಇದಕ್ಕೆ 1873ರಲ್ಲಿ ಲಂಡನ್ನಿನ ವೈದ್ಯ ವಿಲಿಯಮ್ ಗಲ್ ಅವರು ಅನೊರೆಕ್ಸಿಯಾ ನರ್ವೋಸಾ ಎಂಬ ಹೆಸರನ್ನು ಬಳಸಿದರು. ತಡೆಯಲಾರದೆ ಬಹಳವಾಗಿ ತಿಂದು, ಆ ಬಳಿಕ ಪಶ್ಚಾತ್ತಾಪದಿಂದ ತಿಂದುದನ್ನು ಹೇಗಾದರೂ ಹೊರಹಾಕಲು ಯತ್ನಿಸುವುದು ಇನ್ನೊಂದು ಬಗೆ. 1979ರಲ್ಲಿ ಜೆರಲ್ಡ್ ರಸೆಲ್ ಅವರು ವರ್ಣಿಸಿದ ಇದು ಬುಲಿಮಿಯಾ ನರ್ವೋಸಾ. ಇವು ಹಟವೂ ಅಲ್ಲ, ಅಲಂಕಾರದ ಹುಚ್ಚೂ ಅಲ್ಲ. ಚಿಕಿತ್ಸೆ ಬೇಕಾದ ರೋಗಗಳು.

ಟೊರಾಂಟೊ ನಗರದ ಸಂಶೋಧಕರು ಹನ್ನೆರಡರಿಂದ ಹತ್ತೊಂಬತ್ತು ವರ್ಷದ 356 ಮಧುಮೇಹಿ ಹುಡುಗಿಯರನ್ನೂ, ಅದೇ ವಯಸ್ಸಿನ, ಮಧುಮೇಹವಿಲ್ಲದ 1,098 ಹುಡುಗಿಯರನ್ನೂ ಹೋಲಿಸಿ ನೋಡಿ 2000ದಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಪೂರ್ಣರೂಪದ ವಿಕಾರವು ಮಧುಮೇಹವಿಲ್ಲದವರಲ್ಲಿ ನೂರಕ್ಕೆ 4 ಮಂದಿಗಿದ್ದರೆ ಮಧುಮೇಹಿಗಳಲ್ಲಿ ನೂರಕ್ಕೆ 10 ಮಂದಿಗಿತ್ತು. ಮಧುಮೇಹಿಗಳಲ್ಲಿ ನೂರಕ್ಕೆ 11 ಮಂದಿ ತೂಕವನ್ನು ಇಳಿಸುವ ಸಲುವಾಗಿ ಇನ್ಸುಲಿನ್ ಅನ್ನು ಬೇಕೆಂದೇ ತಪ್ಪಿಸುತ್ತಿದ್ದುದಾಗಿ ಒಪ್ಪಿಕೊಂಡರು. ಇನ್ನೂ ಎಳೆಯರಲ್ಲಿ, ಅಂದರೆ ಒಂಬತ್ತು ವರ್ಷದಿಂದ ಹದಿಮೂರು-ಹದಿನಾಲ್ಕರವರೆಗಿನ ಹುಡುಗಿಯರಲ್ಲಿ, ಅದೇ ತಂಡವು 2004ರಲ್ಲಿ ಪ್ರಕಟಿಸಿದ ಹೋಲಿಕೆಯು ಮತ್ತಷ್ಟು ಕಳವಳವನ್ನುಂಟುಮಾಡುವಂತಹುದು: ಮಧುಮೇಹಿಗಳಲ್ಲಿ ನೂರಕ್ಕೆ 8, ಇತರರಲ್ಲಿ ನೂರಕ್ಕೆ 1. ಹುಡುಗರಿಗೆ ಇದು ಬಾರದೆಂದಲ್ಲ. ಹುಡುಗಿಯರಿಗಿಂತ ವಿರಳ; ವಿರಳವಾದುದರಿಂದಲೇ ಯಾರ ಕಣ್ಣಿಗೂ ಬೀಳದೆ ಹೋಗುವುದುಂಟು.

ಇನ್ಸುಲಿನ್ ತಪ್ಪಿಸುವುದಕ್ಕೆ ಪತ್ರಿಕೆಗಳು ಡಯಾಬುಲಿಮಿಯಾ ಎಂಬ ಹೆಸರನ್ನು ಕೊಟ್ಟಿವೆ. ಇದು ವೈದ್ಯಶಾಸ್ತ್ರದ ಅಧಿಕೃತ ಹೆಸರಲ್ಲ. ಬೇರೆಲ್ಲ ಹುಡುಗಿಯರಿಗೂ ಇರುವ ಭೀತಿಯೇ ಇಲ್ಲಿಯೂ ಇದೆ. ಆದರೆ ಇವರ ಕೈಯಲ್ಲಿ ಇತರರಿಗಿಲ್ಲದ ಒಂದು ಅಪಾಯಕರವಾದ ಸಾಧನವೂ ಇದೆ.

ಮದ್ದನ್ನು ತಪ್ಪಿಸಿದರೆ ಆಗುವುದೇನು?

ಹೊಟ್ಟೆಯ ಹಿಂಭಾಗದಲ್ಲಿರುವ ಮೇದೋಜೀರಕ ಗ್ರಂಥಿಯಲ್ಲಿ ಬೀಟಾ ಕೋಶಗಳೆಂಬ ಸಣ್ಣ ಜೀವಕೋಶಗಳಿವೆ. ಇನ್ಸುಲಿನ್ ಅಲ್ಲಿ ತಯಾರಾಗುತ್ತದೆ. ರಕ್ತದಲ್ಲಿನ ಗ್ಲೂಕೋಸ್ ಸ್ನಾಯುಗಳ ಮತ್ತು ಕೊಬ್ಬಿನ ಕೋಶಗಳೊಳಕ್ಕೆ ಹೋಗಬೇಕಾದರೆ ಇನ್ಸುಲಿನ್ ಬಾಗಿಲನ್ನು ತೆರೆಯಬೇಕು. ಒಂದನೆಯ ಬಗೆಯ ಮಧುಮೇಹದಲ್ಲಿ, ರೋಗಾಣುಗಳೊಡನೆ ಹೋರಾಡಬೇಕಾದ ದೇಹದ ರಕ್ಷಣಾ ವ್ಯವಸ್ಥೆಯೇ ದಾರಿತಪ್ಪಿ ಈ ಬೀಟಾ ಕೋಶಗಳನ್ನು ನಾಶಮಾಡಿಬಿಡುತ್ತದೆ. ಮಗುವು ಮಿಠಾಯಿಯನ್ನು ತಿಂದುದಕ್ಕೂ ಇದಕ್ಕೂ ಸಂಬಂಧವಿಲ್ಲ. ಊಟ ಮಾಡಿದರೂ ಕೋಶಗಳು ಉಪವಾಸ; ಸಕ್ಕರೆಯು ರಕ್ತದಲ್ಲಿ ಏರಿ, ಮೂತ್ರಪಿಂಡಗಳ ತಡೆಯನ್ನು ಮೀರಿ, ನೀರನ್ನೂ ಸೆಳೆದುಕೊಂಡು ಮೂತ್ರದಲ್ಲಿ ಹರಿದುಹೋಗುತ್ತದೆ. ಆದುದರಿಂದಲೇ ರೋಗವು ಪತ್ತೆಯಾಗುವುದಕ್ಕೆ ಮೊದಲು ಇಂತಹ ಮಕ್ಕಳು ವಿಪರೀತ ನೀರು ಕುಡಿಯುತ್ತ, ಚೆನ್ನಾಗಿ ತಿನ್ನುತ್ತ ಇದ್ದೂ ದಿನದಿನಕ್ಕೆ ಇಳಿದುಹೋಗುತ್ತಾರೆ.

ಈಗ ಹದಿಮೂರು ವರ್ಷದ ಒಬ್ಬ ಹುಡುಗಿಯ ಕಣ್ಣಿನಿಂದ ಇದನ್ನು ನೋಡೋಣ. ಕಾಯಿಲೆ ಬಂದಾಗ ಅವಳು ತೆಳ್ಳಗಾದಳು. ಗೆಳತಿಯರು ಮೆಚ್ಚಿಕೊಂಡದ್ದೂ ಇರಬಹುದು. ಸೂಜಿಮದ್ದು ಆರಂಭವಾಯಿತು, ಕೆಲವೇ ವಾರಗಳಲ್ಲಿ ಕಳೆದುಕೊಂಡ ತೂಕವೆಲ್ಲ ಮರಳಿತು, ಇನ್ನೂ ಸ್ವಲ್ಪ ಸೇರಿತು. ಅದೇ ಹೊತ್ತಿಗೆ ಹರೆಯವೂ ಕಾಲಿಟ್ಟು ಮೈತುಂಬಿತು. ಅವಳ ಮನಸ್ಸು ಇದರಿಂದ ಯಾವ ಪಾಠವನ್ನು ಕಲಿಯುತ್ತದೆ? ಕಾಯಿಲೆಯು ತೆಳ್ಳಗೆ ಮಾಡುತ್ತದೆ, ಮದ್ದು ದಪ್ಪಗೆ ಮಾಡುತ್ತದೆ ಎಂದು. ಇದು ತಪ್ಪು ಪಾಠ; ಆದರೆ ದಡ್ಡತನದ ಪಾಠವಲ್ಲ. ಕಣ್ಣಿಗೆ ಕಂಡುದನ್ನೇ ಅವಳು ಪೋಣಿಸಿಕೊಂಡಿದ್ದಾಳೆ. ಮರಳಿ ಬಂದ ತೂಕವೆಂದರೆ ಬತ್ತಿದ್ದ ನೀರು, ಸವೆದಿದ್ದ ಮಾಂಸಖಂಡ, ಬೆಳೆಯುವ ವಯಸ್ಸಿನಲ್ಲಿ ಇರಬೇಕಾದ ಕೊಬ್ಬು ಎಂಬುದನ್ನು ಅವಳಿಗೆ ಯಾರೂ ಮುಂಚಿತವಾಗಿ ಹೇಳಿರುವುದಿಲ್ಲ.

ಮದ್ದನ್ನು ತಪ್ಪಿಸಿದಾಗ ದೇಹವು ಇಳಿಯುವುದು ನಿಜ. ಇಳಿಯುವ ರೀತಿ ಮಾತ್ರ ಭಯಂಕರವಾದುದು. ಸಕ್ಕರೆಯನ್ನು ಉರಿಸಲಾರದ ದೇಹವು ತನ್ನ ಕೊಬ್ಬನ್ನೂ ಸ್ನಾಯುಗಳನ್ನೂ ಕರಗಿಸತೊಡಗುತ್ತದೆ. ಕೊಬ್ಬು ಕರಗಿದಂತೆ ಕೀಟೋನ್‌ಗಳೆಂಬ ಆಮ್ಲವಸ್ತುಗಳು ರಕ್ತದಲ್ಲಿ ಶೇಖರವಾಗುತ್ತವೆ. ವಾಂತಿ, ಹೊಟ್ಟೆನೋವು, ಉಸಿರಿನಲ್ಲಿ ಕೊಳೆತ ಹಣ್ಣಿನಂತಹ ವಾಸನೆ, ಏದುಸಿರು, ಮಂಪರು, ಕೊನೆಗೆ ಪ್ರಜ್ಞಾಹೀನತೆ. ಇದು ಕೆಲವು ಗಂಟೆಗಳಲ್ಲಿಯೇ ಪ್ರಾಣಕ್ಕೆ ಎರವಾಗಬಹುದು.

ಕೀಟೋನ್ ವಿಷವು ಏರದಂತೆ ಸ್ವಲ್ಪ ಮದ್ದನ್ನು ಮಾತ್ರ ಚುಚ್ಚಿಕೊಂಡು ನಿಭಾಯಿಸುವೆವೆಂದುಕೊಳ್ಳುವವರಿಗೆ ಕಾದಿರುವ ಹಾನಿಯು ನಿಧಾನವಾದುದು, ನಿಧಾನವಾದುದರಿಂದಲೇ ಮೋಸಗೊಳಿಸುವಂತಹುದು. ಕಣ್ಣಿನ ಒಳಪದರದ ಸೂಕ್ಷ್ಮ ರಕ್ತನಾಳಗಳು, ಮೂತ್ರಪಿಂಡ, ಕಾಲಿನ ನರಗಳು ಕೆಡುತ್ತ ಬರುತ್ತವೆ. ಟೊರಾಂಟೊ ತಂಡವು 1997ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ ಎಳೆಯ ಮಧುಮೇಹಿ ಹೆಣ್ಣುಮಕ್ಕಳನ್ನು ನಾಲ್ಕೈದು ವರ್ಷಗಳ ಬಳಿಕ ಮತ್ತೆ ಪರೀಕ್ಷಿಸಿದರು. ಮೊದಲ ಭೇಟಿಯಲ್ಲಿ ಊಟದ ಕ್ರಮವು ಸರಿಯಾಗಿದ್ದವರಲ್ಲಿ ನೂರಕ್ಕೆ 24 ಮಂದಿಗೆ ಕಣ್ಣಿನ ಒಳಪದರದಲ್ಲಿ ದೋಷವು ಕಂಡಿತು. ಊಟದ ಕ್ರಮವು ತೀರ ಕೆಟ್ಟಿದ್ದವರಲ್ಲಿ ನೂರಕ್ಕೆ 86 ಮಂದಿಗೆ. ಅಮೆರಿಕದ ಬಾಸ್ಟನ್ ನಗರದ ಜಾಸ್ಲಿನ್ ಮಧುಮೇಹ ಕೇಂದ್ರದವರು 234 ಮಹಿಳೆಯರನ್ನು ಹನ್ನೊಂದು ವರ್ಷ ಹಿಂಬಾಲಿಸಿ 2008ರಲ್ಲಿ ಕೊಟ್ಟ ವರದಿಯಂತೆ, ಇನ್ಸುಲಿನ್ ಅನ್ನು ಕಡಿತಮಾಡಿಕೊಳ್ಳುತ್ತಿದ್ದವರಿಗೆ ಸಾವಿನ ಸಂಭವವು ಮೂರರಷ್ಟಾಗಿತ್ತು. ಮೃತರಾದವರಲ್ಲಿ, ಕಡಿತಮಾಡದವರ ಸರಾಸರಿ ವಯಸ್ಸು 58, ಮಾಡುತ್ತಿದ್ದವರದು 45.

ಹದಿಮೂರು ವರ್ಷಗಳ ಬಾಳು ಹೀಗೆ ಹೋಗುತ್ತದೆ. ಆದರೂ ಈ ಅಂಕಿಗಳನ್ನು ಹುಡುಗಿಯ ಮುಂದೆ ಹಿಡಿದು ಹೆದರಿಸಿದರೆ ಸಾಕೆಂದು ತಿಳಿಯುವುದು ತಪ್ಪು. ಅವಳಿಗೆ ಹೆದರಿಕೆಯ ಕೊರತೆ ಇಲ್ಲ.

ಬೀಜ ಬೀಳುವುದು ಎಲ್ಲಿ?

ಸಾವಿರಾರು ಹುಡುಗಿಯರು ತೆಳ್ಳಗಿರಬೇಕೆಂದು ಬಯಸುತ್ತಾರೆ. ಸಿನೆಮಾ, ಜಾಹೀರಾತು, ಈಚೆಗೆ ಕೈಯಲ್ಲಿನ ಮೊಬೈಲು, ಎಲ್ಲವೂ ಅದನ್ನೇ ಉಪದೇಶಿಸುತ್ತವೆ. ಮಧುಮೇಹಿಗಳಲ್ಲಿ ಮಾತ್ರ ವಿಕಾರವು ಇಷ್ಟು ಹೆಚ್ಚಾಗುವುದಕ್ಕೆ ಚಿಕಿತ್ಸೆಯಲ್ಲಿಯೇ ಒಂದು ಕಾರಣವಿರಬೇಕಷ್ಟೆ. ಈ ವಿಷಯದಲ್ಲಿ ನಾವು ಮುಖ್ಯವಾಗಿ ಗಮನಿಸಬೇಕಾದುದು ಇದೇ.

ಇದಕ್ಕೆ ಒಂದು ಹಳೆಯ ಪ್ರಯೋಗವು ಬೆಳಕು ಬೀರುತ್ತದೆ. 1944–45ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ಶರೀರಶಾಸ್ತ್ರಜ್ಞರು 36 ಮಂದಿ ಆರೋಗ್ಯವಂತ ತರುಣರನ್ನು, ಅವರ ಒಪ್ಪಿಗೆಯಿಂದಲೇ, 24 ವಾರಗಳ ಕಾಲ ಅರೆಹೊಟ್ಟೆಯಲ್ಲಿಟ್ಟರು. ಯುದ್ಧದಿಂದ ಕ್ಷಾಮಪೀಡಿತರಾದ ಜನರಿಗೆ ಮತ್ತೆ ಹೇಗೆ ಉಣಿಸಬೇಕೆಂಬುದನ್ನು ತಿಳಿಯುವುದು ಅವರ ಉದ್ದೇಶವಾಗಿದ್ದಿತು. ತರುಣರ ತೂಕ ಕಾಲುಭಾಗದಷ್ಟು ಇಳಿಯಿತು. ಅದಕ್ಕಿಂತ ಸೋಜಿಗವಾದುದು ಮನಸ್ಸಿನಲ್ಲಾದ ಬದಲಾವಣೆ. ಅವರಿಗೆ ಊಟದ ಹೊರತು ಬೇರೆ ಯೋಚನೆಯೇ ಇಲ್ಲವಾಯಿತು. ಎಂದೂ ಒಲೆ ಹಚ್ಚದವರು ಪಾಕಶಾಸ್ತ್ರದ ಪುಸ್ತಕಗಳನ್ನು ಕೂಡಿಡತೊಡಗಿದರು. ಒಂದು ತಟ್ಟೆ ಊಟವನ್ನು ಗಂಟೆಗಟ್ಟಲೆ ಎಳೆದಾಡಿದರು. ಪ್ರಯೋಗವು ಮುಗಿದು ಬೇಕಾದಷ್ಟು ಊಟ ದೊರೆತ ಮೇಲೆಯೂ ಕೆಲವರಿಗೆ ಎಷ್ಟು ತಿಂದರೂ ಸಾಕೆನಿಸಲಿಲ್ಲ. ಇವರು ಮಧುಮೇಹಿಗಳಲ್ಲ, ಹುಡುಗಿಯರಲ್ಲ, ಕನ್ನಡಿಯ ಮುಂದೆ ಕಾಲ ಕಳೆಯುವವರೂ ಅಲ್ಲ. ಆಹಾರವನ್ನು ಬಹುಕಾಲ ಬಿಗಿಹಿಡಿದರೆ ಮನಸ್ಸು ಅದರ ಸುತ್ತಲೇ ಗಿರಕಿ ಹೊಡೆಯುತ್ತದೆಂಬುದು ಇದರಿಂದ ಸ್ಪಷ್ಟವಾಯಿತು.

ಮಧುಮೇಹಿಯ ದಿನಚರಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿರಿ. ತಟ್ಟೆಯಲ್ಲಿ ಇರುವುದೆಷ್ಟೆಂದು ಪ್ರತಿಯೊಂದು ಊಟಕ್ಕೂ ಮುಂಚೆ ಲೆಕ್ಕಹಾಕಬೇಕು. ಬಾಯಿಗೆ ಹೋದ ಪ್ರತಿಯೊಂದು ತುತ್ತಿಗೂ ಎರಡು ಗಂಟೆಯ ತರುವಾಯ ಗ್ಲೂಕೋಮೀಟರಿನಲ್ಲಿ ಒಂದು ಅಂಕಿ ಉತ್ತರ ಕೊಡುತ್ತದೆ. ಇನ್ಸುಲಿನ್ ಸ್ವಲ್ಪ ಹೆಚ್ಚಾದರೆ ಸಕ್ಕರೆಯು ಒಮ್ಮೆಲೇ ಕುಸಿದು ಬೆವರು, ನಡುಕ, ಅಡಗಿಸಲಾಗದ ಹಸಿವು. ಆಗ ಹಸಿವಿಲ್ಲದಿದ್ದರೂ ಸಿಹಿಯನ್ನು ತಿನ್ನಲೇಬೇಕು, ತಿಂದ ಬಳಿಕ ತಿಂದೆನಲ್ಲಾ ಎಂಬ ಕೊರಗು. ಇಷ್ಟು ಸಾಲದೆಂಬಂತೆ, ಹೊಟ್ಟೆ ತುಂಬಿತೆಂಬ ಸಂದೇಶವನ್ನು ಮಿದುಳಿಗೆ ಮುಟ್ಟಿಸುವ ಅಮೈಲಿನ್ ಎಂಬ ರಸವೂ ಅದೇ ಬೀಟಾ ಕೋಶಗಳಲ್ಲಿ ಹುಟ್ಟುವಂತಹುದು. ಆ ಕೋಶಗಳೊಂದಿಗೆ ಅದೂ ನಷ್ಟವಾಗಿರುತ್ತದೆ. ಹೊಟ್ಟೆಯ ಮಾತನ್ನು ನಂಬುವಂತಿಲ್ಲ, ಅಂಕಿಯನ್ನೇ ನಂಬಬೇಕು ಎಂದು ಹೀಗೆ ಎಳೆಯ ವಯಸ್ಸಿನಲ್ಲಿಯೇ ಅಭ್ಯಾಸವಾಗುತ್ತದೆ.

ಉತ್ತಮ ಚಿಕಿತ್ಸೆಗೂ ಒಂದು ಬೆಲೆಯಿದೆ. 1983ರಿಂದ 1993ರವರೆಗೆ ಅಮೆರಿಕ ಮತ್ತು ಕೆನಡಾಗಳಲ್ಲಿ 1,441 ರೋಗಿಗಳ ಮೇಲೆ ನಡೆದ ಪ್ರಸಿದ್ಧ ಪರಿಶೋಧನೆಯು, ಸಕ್ಕರೆಯನ್ನು ಸಾಧ್ಯವಾದಷ್ಟು ಸಹಜ ಮಟ್ಟದಲ್ಲಿಟ್ಟರೆ ಕಣ್ಣಿನ ದೋಷವು ಹುಟ್ಟುವ ಸಂಭವವು ನೂರಕ್ಕೆ 76ರಷ್ಟು ಇಳಿಯುವುದೆಂದು ತೋರಿಸಿಕೊಟ್ಟಿತು. ಮಧುಮೇಹದ ಚಿಕಿತ್ಸೆಯಲ್ಲಿ ಇದಕ್ಕಿಂತ ಮಹತ್ತ್ವದ ಪರಿಶೋಧನೆಗಳು ವಿರಳ. ಅದೇ ಪರಿಶೋಧನೆಯಲ್ಲಿ ಬಿಗಿಯಾದ ಚಿಕಿತ್ಸೆ ಪಡೆದವರ ತೂಕವು ಐದು ವರ್ಷಗಳಲ್ಲಿ ಇತರರಿಗಿಂತ ಸರಾಸರಿ 4.6 ಕಿಲೋಗ್ರಾಂ ಹೆಚ್ಚಾಗಿದ್ದಿತು. ವೈದ್ಯರಿಗೆ ಇದು ಸಣ್ಣ ವಿಷಯ. ಹದಿನಾರರ ಹುಡುಗಿಗೆ ಸಣ್ಣದಲ್ಲ. ಸಣ್ಣದೆಂದು ತಳ್ಳಿಹಾಕಿದ ಕಡೆಯಲ್ಲಿಯೇ ಗುಟ್ಟು ಆರಂಭವಾಗುತ್ತದೆ.

ಪಥ್ಯವೆಂಬ ಮಾತು

ನಮ್ಮ ನಾಡಿನವರಿಗೆ ಇಲ್ಲಿ ಇನ್ನೊಂದು ತೊಡಕಿದೆ. ಸುಶ್ರುತಸಂಹಿತೆಯಲ್ಲಿ ಪ್ರಮೇಹವನ್ನು ಎರಡಾಗಿ ವಿಂಗಡಿಸಿದೆ: ಹುಟ್ಟಿನಿಂದಲೇ ಬರುವ ಸಹಜವಾದುದು, ತಿನ್ನಬಾರದುದನ್ನು ತಿಂದುದರಿಂದ ಬರುವ ಅಪಥ್ಯನಿಮಿತ್ತವಾದುದು. ಮೊದಲನೆಯದರ ರೋಗಿಯು ಕೃಶ, ಎರಡನೆಯದರವನು ಸ್ಥೂಲ ಎಂದೂ ಅಲ್ಲಿ ಹೇಳಿದೆ. ಇಂದಿನ ಒಂದನೆಯ ಮತ್ತು ಎರಡನೆಯ ಬಗೆಗಳಿಗೆ ಇದನ್ನು ಅಕ್ಷರಶಃ ಹೊಂದಿಸಹೊರಡುವುದು ಸರಿಯಲ್ಲವಾದರೂ, ಅಷ್ಟು ಹಿಂದೆಯೇ ಈ ಭೇದವನ್ನು ಗುರುತಿಸಿದ ಕಣ್ಣು ಸೂಕ್ಷ್ಮವಾದುದೇ ಸರಿ. ಆದರೆ ಜನರ ಬಾಯಲ್ಲಿ ಆ ಭೇದವು ಉಳಿಯಲಿಲ್ಲ. ಸಕ್ಕರೆ ಕಾಯಿಲೆಯೆಂದರೆ ತಿಂದು ತಂದುಕೊಂಡದ್ದು ಎಂಬ ಭಾವನೆಯೇ ನಿಂತುಬಿಟ್ಟಿತು. ಹತ್ತು ವರ್ಷದ ಮಗುವಿನ ಬಗೆಗೂ ‘ಚಿಕ್ಕಂದಿನಲ್ಲಿ ಸಿಹಿ ಜಾಸ್ತಿ ತಿನ್ನಿಸಿದಿರಿ’ ಎಂದು ಬಂಧುಗಳು ತಾಯಿಯನ್ನು ಆಕ್ಷೇಪಿಸುವುದನ್ನು ಕೇಳುತ್ತೇವೆ. ಮಗುವು ಅದನ್ನು ಕೇಳಿಸಿಕೊಳ್ಳುತ್ತದೆ.

ಪಥ್ಯವೆಂದರೆ ಮೂಲದಲ್ಲಿ ದಾರಿಗೆ ಹಿತವಾದುದು ಎಂದಷ್ಟೇ ಅರ್ಥ. ಬಳಕೆಯಲ್ಲಿ ಅದು ಶಿಕ್ಷೆಯ ಹೆಸರಾಗಿದೆ. ಹಬ್ಬದ ದಿನ ಎಲ್ಲರ ಎಲೆಗೂ ಹೋಳಿಗೆ ಬಿದ್ದು ಒಂದು ಎಲೆ ಮಾತ್ರ ಬರಿದಾದರೆ, ಆ ಎಲೆಯ ಮುಂದೆ ಕುಳಿತವಳು ಊಟವನ್ನು ಎರಡಾಗಿ ಸೀಳಿಕೊಳ್ಳುತ್ತಾಳೆ: ಎಲ್ಲರೆದುರಿನ ಊಟ, ಅಡಿಗೆಮನೆಯ ಕತ್ತಲಲ್ಲಿನ ಊಟ. ಕತ್ತಲಲ್ಲಿ ತಿಂದುದಕ್ಕೆ ಇನ್ಸುಲಿನ್ ಚುಚ್ಚಿಕೊಂಡರೆ ಗುಟ್ಟು ಹೊರಬೀಳುತ್ತದೆ; ಆದುದರಿಂದ ಚುಚ್ಚಿಕೊಳ್ಳುವುದಿಲ್ಲ. ತೆಳ್ಳಗಾಗಬೇಕೆಂಬ ಆಸೆಯಿಲ್ಲದೆಯೂ ಮದ್ದು ತಪ್ಪುವುದು ಹೀಗೆ ಆರಂಭವಾದೀತು. ಮದುವೆಯ ಮಾತಿಗೆ ಅಡ್ಡಿಯಾದೀತೆಂದು ಹೆಣ್ಣುಮಗಳ ಕಾಯಿಲೆಯನ್ನೇ ಮುಚ್ಚಿಡುವ ಮನೆಗಳಲ್ಲಂತೂ ಇದು ಇನ್ನೂ ಸುಲಭ. ಹಣದ ಕೊರತೆಯಿಂದ ಇನ್ಸುಲಿನ್ ತಪ್ಪುವುದು ಇನ್ನೊಂದು ದುರವಸ್ಥೆ. ಅದನ್ನು ಇದರೊಂದಿಗೆ ಬೆರೆಸಬಾರದು.

ತಡೆಯುವ ಬಗೆ

ಮೊದಲು ಊಟದ ವಿಷಯ. ನಿಗದಿಯಾದಷ್ಟು ಇನ್ಸುಲಿನ್, ಅದಕ್ಕೆ ತಕ್ಕ ಊಟ ಎಂಬ ಹಳೆಯ ಕ್ರಮವನ್ನು ತಿರುಗಿಸಿ, ಉಣ್ಣುವುದಕ್ಕೆ ತಕ್ಕಷ್ಟು ಇನ್ಸುಲಿನ್ ಎಂಬ ಕ್ರಮವು ಜರ್ಮನಿಯ ಡ್ಯುಸೆಲ್‌ಡಾರ್ಫ್ ನಗರದಲ್ಲಿ ಬೆಳೆಯಿತು. ಇಂಗ್ಲೆಂಡಿನಲ್ಲಿ 169 ಮಂದಿ ವಯಸ್ಕರ ಮೇಲೆ ಇದನ್ನು ಪರೀಕ್ಷಿಸಿ 2002ರಲ್ಲಿ ವರದಿ ಮಾಡಿದಾಗ, ಊಟದ ಸ್ವಾತಂತ್ರ್ಯವು ಹೆಚ್ಚಿದರೂ ಸಕ್ಕರೆಯ ಹತೋಟಿಯು ಕೆಡುವುದರ ಬದಲು ಉತ್ತಮವಾಯಿತೆಂದೂ ತೂಕವೇನೂ ಏರಲಿಲ್ಲವೆಂದೂ ಕಂಡುಬಂದಿತು. ಇದರರ್ಥ ಮನಬಂದಂತೆ ತಿನ್ನಬಹುದೆಂದಲ್ಲ. ಹೋಳಿಗೆಯೂ ಒಂದು ಆಹಾರ, ಅದಕ್ಕೂ ಒಂದು ಲೆಕ್ಕವಿದೆ, ಲೆಕ್ಕಕ್ಕೆ ತಕ್ಕ ಮದ್ದಿದೆ ಎಂದರ್ಥ. ಲೆಕ್ಕದಲ್ಲಿರುವ ಹೋಳಿಗೆಗೆ ಕತ್ತಲೆ ಬೇಕಾಗುವುದಿಲ್ಲ. ಮನೆಯವರೆಲ್ಲರೂ ಹೊತ್ತುಹೊತ್ತಿಗೆ ಒಂದೇ ಅಡಿಗೆಯನ್ನು ಕೂಡಿ ಉಣ್ಣುವುದು ಇದಕ್ಕೆ ಸಹಾಯಕ. ತೂಕ ಇಳಿಸಲು ಹೊತ್ತಿನ ಊಟವನ್ನು ಬಿಡುವ ಅಭ್ಯಾಸಕ್ಕೆ ಮಾತ್ರ ಮೊದಲಿನಿಂದಲೂ ಎಡೆಗೊಡಬಾರದು. ಹೊಟ್ಟೆಬಾಕತನದ ಬೇರು ಬಹುಮಟ್ಟಿಗೆ ಆ ಉಪವಾಸದಲ್ಲಿಯೇ ಇರುತ್ತದೆ.

ಎರಡನೆಯದು ತೂಕ. ಮದ್ದು ಆರಂಭವಾದ ದಿನವೇ, ಇಂತಿಷ್ಟು ತೂಕವು ಮರಳುವುದು, ಅದು ಗುಣವಾಗುತ್ತಿರುವ ಚಿಹ್ನೆ ಎಂದು ಹೇಳಿಬಿಡಬೇಕು. ಅದಕ್ಕೂ ಮೀರಿ ಏರುತ್ತಿದ್ದರೆ ಅನೇಕ ವೇಳೆ ಮದ್ದಿನ ಪ್ರಮಾಣವು ಹೆಚ್ಚಾಗಿ ಸಕ್ಕರೆ ಪದೇ ಪದೇ ಕುಸಿದು, ಅದನ್ನು ಏರಿಸಲು ಪದೇ ಪದೇ ತಿನ್ನಬೇಕಾಗುವುದೇ ಕಾರಣವಾಗಿರುತ್ತದೆ. ವೈದ್ಯರು ಪ್ರಮಾಣವನ್ನು ಸರಿಪಡಿಸಬಲ್ಲರು. ಆದರೆ ‘ನನಗೆ ತೂಕದ ಚಿಂತೆಯಾಗಿದೆ’ ಎಂದು ಹೇಳಲು ಹುಡುಗಿಗೆ ಧೈರ್ಯವಿರಬೇಕು. ಆಸ್ಪತ್ರೆಯಲ್ಲಿ ಹತ್ತು ಜನರೆದುರು ತೂಕವನ್ನು ಗಟ್ಟಿಯಾಗಿ ಕೂಗಿ ಬರೆಸುವ ಪದ್ಧತಿಯನ್ನು ನಿಲ್ಲಿಸಿದರೆ ಆ ಧೈರ್ಯಕ್ಕೆ ಸ್ವಲ್ಪ ಅನುಕೂಲವಾದೀತು.

ಮೂರನೆಯದು ಮಾತು. ಇದನ್ನು ಹಗುರವಾಗಿ ಕಾಣಬಾರದು. ಕನ್ನಡದಲ್ಲಿ ರಕ್ತದ ಪರೀಕ್ಷೆಗೂ ಶಾಲೆಯ ಪರೀಕ್ಷೆಗೂ ಒಂದೇ ಪದ. ‘ಪರೀಕ್ಷೆಯಲ್ಲಿ ಎಷ್ಟು ಬಂತು?’ ಎಂದು ತಂದೆ ಕೇಳಿದಾಗ ಮಗುವಿನ ಕಿವಿಗೆ ಬೀಳುವುದು ಅಂಕದ ಪ್ರಶ್ನೆಯೇ. 250 ಎಂಬುದು ಕೆಟ್ಟ ಅಂಕಿಯಲ್ಲ, ಹೆಚ್ಚಿನ ಅಂಕಿ. ಮುಂದೇನು ಮಾಡಬೇಕೆಂದು ತಿಳಿಸುವ ಅಂಕಿ. ಅಮೆರಿಕದ ಮಧುಮೇಹ ಸಂಘವು ಮಧುಮೇಹ ಶಿಕ್ಷಕರ ಸಂಘದೊಡನೆ ಸೇರಿ 2017ರಲ್ಲಿ, ರೋಗಿಗಳೊಡನೆ ಯಾವ ಮಾತನ್ನಾಡಬೇಕು, ಯಾವುದನ್ನು ಬಿಡಬೇಕು ಎಂಬ ಬಗೆಗೇ ಒಂದು ಸೂಚನಾಪತ್ರವನ್ನು ಹೊರಡಿಸಿತು. ಅಂಕಿಯು ಹೆಚ್ಚಾಗಿದ್ದಾಗ ಬೈಗುಳ ಬೀಳುವ ಮನೆಯಲ್ಲಿ ಮಗುವು ಎರಡರಲ್ಲಿ ಒಂದನ್ನು ಕಲಿಯುತ್ತದೆ: ರಕ್ತವನ್ನು ನೋಡದಿರುವುದು, ಅಥವಾ ಸುಳ್ಳು ಅಂಕಿಯನ್ನು ಬರೆಯುವುದು.

ತಾಯ್ತಂದೆಗಳ ಪಾತ್ರವು ಕತ್ತಿಯ ಅಲಗಿನ ಮೇಲಿನ ನಡಿಗೆ. ಹನ್ನೆರಡಾಯಿತು, ಇನ್ನು ನೀನೇ ನೋಡಿಕೋ ಎಂದು ಬಿಟ್ಟುಕೊಡುವುದೂ ತಪ್ಪು, ಪೊಲೀಸಿನವರಂತೆ ಡಬ್ಬಿಗಳನ್ನು ಶೋಧಿಸುವುದೂ ತಪ್ಪು. ಟೊರಾಂಟೊ ತಂಡವು ತಾಯಿಮಕ್ಕಳ ಮಾತುಕತೆಯನ್ನು ಕುಳಿತು ಗಮನಿಸಿದಾಗ, ಮಗಳ ಸ್ವಾತಂತ್ರ್ಯಕ್ಕೂ ಆಪ್ತತೆಗೂ ಆಸ್ಪದವು ಕಡಮೆಯಿದ್ದ ಕಡೆಗಳಲ್ಲಿ ವಿಕಾರವು ಹೆಚ್ಚಾಗಿ ಕಂಡಿತು. ಇದರಲ್ಲಿ ಯಾವುದು ಕಾರಣ, ಯಾವುದು ಕಾರ್ಯ ಎಂದು ಬೇರ್ಪಡಿಸುವುದು ಸುಲಭವಲ್ಲ; ತಾಯಂದಿರ ಮೇಲೆ ಹೊರಿಸಲು ಇನ್ನೊಂದು ಅಪರಾಧ ಸಿಕ್ಕಿತೆಂದು ಯಾರೂ ಭಾವಿಸಬೇಕಾಗಿಲ್ಲ.

ಬರಿಯ ತಿಳಿವಳಿಕೆಯಿಂದ ಎಷ್ಟು ಸಾಧ್ಯ? ಇದನ್ನೂ ಟೊರಾಂಟೊ ನಗರದಲ್ಲಿಯೇ ಪರೀಕ್ಷಿಸಿದ್ದಾರೆ. ಊಟದ ಕ್ರಮವು ಕೆಟ್ಟಿದ್ದ ಮಧುಮೇಹಿ ಹುಡುಗಿಯರಿಗೂ ಅವರ ತಾಯ್ತಂದೆಗಳಿಗೂ ಆರು ಪಾಠಗಳನ್ನು ನಡೆಸಿ 2002ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಆಹಾರದ ಬಗೆಗಿನ ಕಳವಳ, ದೇಹದ ಬಗೆಗಿನ ಅತೃಪ್ತಿ ಇಳಿದುವು. ಇನ್ಸುಲಿನ್ ತಪ್ಪಿಸುವುದು ಮಾತ್ರ ಇಳಿಯಲಿಲ್ಲ. ರಕ್ತದ ಸಕ್ಕರೆಯ ಮಟ್ಟವೂ ಸುಧಾರಿಸಲಿಲ್ಲ. ಒಮ್ಮೆ ಬೇರೂರಿದ ಅಭ್ಯಾಸವು ಪಾಠದಿಂದ ಬಿಡುವಂತಹುದಲ್ಲವೆಂದೂ, ಬೇರೂರುವುದಕ್ಕೆ ಮುಂಚೆಯೇ ಕಂಡುಹಿಡಿಯಬೇಕೆಂದೂ ಇದರಿಂದ ತಿಳಿಯುತ್ತದೆ. ಹತ್ತು–ಹನ್ನೆರಡು ವರ್ಷದಿಂದಲೇ ಒಂದನೆಯ ಬಗೆಯ ಮಧುಮೇಹಿಗಳೆಲ್ಲರನ್ನೂ ಈ ವಿಷಯದಲ್ಲಿ ವಿಚಾರಿಸತೊಡಗಬೇಕೆಂದು ಅಮೆರಿಕದ ಮಧುಮೇಹ ಸಂಘವು ಸಲಹೆ ಕೊಟ್ಟಿದೆ. ಇದಕ್ಕೆಂದೇ ಸಿದ್ಧಪಡಿಸಿದ, 2010ರಲ್ಲಿ ಪರಿಷ್ಕೃತವಾದ, ಹದಿನಾರು ಪ್ರಶ್ನೆಗಳ ಒಂದು ಪಟ್ಟಿಯಿದೆ. ಅದನ್ನು ತುಂಬಲು ಹತ್ತು ನಿಮಿಷ ಸಾಕು. ಹತ್ತು ನಿಮಿಷಕ್ಕೂ ಬಿಡುವಿಲ್ಲದಷ್ಟು ಜನಸಂದಣಿಯ ಚಿಕಿತ್ಸಾಲಯಗಳಲ್ಲಿ ವೈದ್ಯರು ಒಂದೇ ಪ್ರಶ್ನೆಯನ್ನಾದರೂ ಕೇಳಬಹುದು: ‘ಕೆಲವರು ಒಮ್ಮೊಮ್ಮೆ ಇನ್ಸುಲಿನ್ ಅನ್ನು ಬಿಡುತ್ತಾರೆ. ನಿನಗೂ ಹಾಗಾಗುವುದುಂಟೆ?’ ಆಪಾದನೆಯಿಲ್ಲದ ಪ್ರಶ್ನೆಗೆ ನಿಜವಾದ ಉತ್ತರವು ಬರುವ ಸಂಭವ ಹೆಚ್ಚು.

ಚಿಹ್ನೆಗಳನ್ನು ಗುರುತಿಸುವುದರಲ್ಲಿ ಸಹಪಾಠಿಗಳು ವೈದ್ಯರಿಗಿಂತ ಮುಂದು. ಕಾರಣವಿಲ್ಲದೆ ಇಳಿಯುವ ತೂಕ, ಮತ್ತೆ ಮತ್ತೆ ಬಾಯಾರಿಕೆ ಮತ್ತು ಮೂತ್ರ, ಸದಾ ಆಯಾಸ, ಎಲ್ಲರೊಡನೆ ಉಣ್ಣಲು ನೆಪ ಹೇಳುವುದು, ಚುಚ್ಚಿಕೊಳ್ಳುವಾಗ ಯಾರೂ ಇರಬಾರದೆಂಬ ಹಟ, ಪದೇ ಪದೇ ಆಸ್ಪತ್ರೆ ಸೇರುವುದು. ಇಂತಹ ಗೆಳತಿಯೊಬ್ಬಳು ಹಾಸ್ಟೆಲಿನಲ್ಲಿದ್ದರೆ ಅವಳ ಮೈಯನ್ನು ಕುರಿತು, ಹೊಗಳಿಕೆಯಾಗಿಯೇ ಆಗಲಿ, ಮಾತನಾಡದಿರುವುದು ಒಳ್ಳೆಯದು. ಆಯಾಸವನ್ನು ಕುರಿತು ಕೇಳಬಹುದು, ಜೊತೆಯಲ್ಲಿ ವೈದ್ಯರ ಬಳಿಗೆ ಹೋಗಬಹುದು. ತೀರ ಬಹುಕಾಲ ತಪ್ಪಿಸಿದವರು ಒಮ್ಮೆಲೇ ಪೂರ್ಣ ಪ್ರಮಾಣಕ್ಕೆ ಮರಳಿದರೆ ಮೈ ಬಾತುಕೊಳ್ಳುವುದೂ ನರಗಳಲ್ಲಿ ನೋವು ಏಳುವುದೂ ಉಂಟು. ಅದನ್ನು ಕಂಡು ಹೆದರಿ ಮತ್ತೆ ಬಿಟ್ಟುಬಿಡುವರು. ಆದುದರಿಂದ ಮಧುಮೇಹದ ವೈದ್ಯರು, ಮನೋವೈದ್ಯರು, ಆಹಾರತಜ್ಞರು ಮೂವರೂ ಕೂಡಿ ಪ್ರಮಾಣವನ್ನು ಕ್ರಮವಾಗಿ ಏರಿಸಬೇಕಾಗುತ್ತದೆ. ಮನೋವೈದ್ಯರ ಸಹಾಯವು ಎಲ್ಲಿ ದೊರೆಯುವುದೆಂದು ತಿಳಿಯದವರು ಭಾರತ ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ದೂರವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ವಿಚಾರಿಸಬಹುದು. ಆದರೆ ವಾಂತಿ, ಏದುಸಿರು, ಮಂಪರು ಇವು ಕಾಣಿಸಿಕೊಂಡಾಗ ದೂರವಾಣಿಯಲ್ಲಿ ವಿಚಾರಿಸುತ್ತ ಕುಳಿತುಕೊಳ್ಳಲಾಗದು. ರಾತ್ರಿಯೇ ಆಗಲಿ, ಪರೀಕ್ಷೆಯ ಹಿಂದಿನ ದಿನವೇ ಆಗಲಿ, ಆ ಕ್ಷಣದಲ್ಲಿಯೇ ಹತ್ತಿರದ ದೊಡ್ಡ ಆಸ್ಪತ್ರೆಗೆ ಕರೆದೊಯ್ದು, ‘ಇವಳಿಗೆ ಒಂದನೆಯ ಬಗೆಯ ಮಧುಮೇಹವಿದೆ, ಇನ್ಸುಲಿನ್ ತಪ್ಪಿರಬಹುದು’ ಎಂದು ಬಾಗಿಲಲ್ಲಿಯೇ ಹೇಳಬೇಕು.